ಎರಡು ಗಂಟೆ, ಇಪ್ಪತ್ತನಾಲ್ಕು ಗಂಟೆ
(ಬಾನುಲಿ ಭಾಷಣ)



‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಹೇಳಿಕೊಂಡು ನಗುವ ಜನ ನಾವು. ಈ ಗಾದೆ ಹುಟ್ಟಿದ್ದು ಬಹುಶಃ ಬದುವಿನ ಜಗಳಗಳಿಂದ, ಅಣ್ಣತಮ್ಮಂದಿರ ಪಾಲುಪಾರಿಕತ್ತಿನ ದಾವೆಗಳಿಂದ. ಅಂಥ ದಾವೆಗಳು ತಂದೆಯ ಕಾಲದಲ್ಲಿ ಹೂಡಲ್ಪಟ್ಟು ಮೊಮ್ಮಗನ ಕಾಲದಲ್ಲಿ ಮುಗಿಯುತ್ತವೆ. ಕ್ರಿಮಿನಲ್ ಮೊಕದ್ದಮೆಯ ಸ್ವಭಾವ ಬೇರೆ. ಅಲ್ಲಿ ಸೋಲು ಗೆಲುವು, ಆಪಾದಿತ ಕೋರ್ಟಿನ ಬಾಗಿಲನ್ನು ಕಾಣುವ ಮೊದಲೇ, ಅವನನ್ನು ಹಿಡಿದ ಮೊದಲ ರಾತ್ರಿಯಲ್ಲೇ ಬಹುಮಟ್ಟಿಗೆ ನಿಶ್ಚಯವಾಗಿಬಿಡುತ್ತದೆ. ಆ ಮೊದಲ ರಾತ್ರಿಯ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಕಪ್ಪು ಕೋಟು ತೊಟ್ಟು ಓಡಾಡಿದ್ದು ಈ ಕಡೆಯ ತಾಲ್ಲೂಕು ಕೋರ್ಟುಗಳಲ್ಲಿ. ಅಡಿಕೆಯ ಚನ್ನಗಿರಿ, ತುಂಗಭದ್ರೆಯ ದಂಡೆಯ ಹೊನ್ನಾಳಿ, ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿ, ಮುಗಿಲು ನೋಡುತ್ತ ಬದುಕುವ ಜಗಳೂರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂದಿತು. ಮಣ್ಣು ಬೇರೆ, ಬೆಳೆ ಬೇರೆ, ಮಾತಿನ ಎಳೆತವೂ ಬೇರೆ. ಆದರೆ ರಾತ್ರಿ ಹತ್ತು ಗಂಟೆಗೆ ವಕೀಲರ ಮನೆಯ ಕದ ತಟ್ಟುವವರ ಮುಖ ಎಲ್ಲ ಕಡೆಯೂ ಒಂದೇ. ‘ಸ್ವಾಮಿ, ನಮ್ಮ ಹುಡುಗನ್ನ ಸ್ಟೇಷನ್‌ಗೆ ಕರ್ಕಂಡು ಹೋಗ್ಯಾರೆ’ ಎನ್ನುತ್ತಾರೆ. ಎಷ್ಟು ಹೊತ್ತಿಗೆ? ‘ಗೊತ್ತಿಲ್ಲ.’ ಯಾರು ಕರೆದೊಯ್ದರು? ‘ಪೋಲೀಸ್ನೋರು.’ ಏನಾದರೂ ಕಾಗದ ಕೊಟ್ಟರೆ? ಈ ಮೂರನೆಯ ಪ್ರಶ್ನೆಗೆ ಅವರು ನನ್ನ ಮುಖವನ್ನೇ ನೋಡುತ್ತಾರೆ. ಪೋಲೀಸರು ಕಾಗದ ಕೊಡುತ್ತಾರೆಂಬುದೇ ಅವರಿಗೆ ಹೊಸ ಸಂಗತಿ.

ಕೊಡಲೇಬೇಕು. ಆ ಕಾಗದದ ಅಭಾವ ಏನು ಮಾಡಬಲ್ಲುದೆಂಬುದನ್ನು ನಮ್ಮ ಚನ್ನಗಿರಿಯೇ ಕಂಡಿದೆ. 2024ರ ಮೇ 24ರಂದು, ಮಟಕಾ ಜೂಜಿನ ಆಪಾದನೆಯ ಮೇಲೆ ಠಾಣೆಗೆ ಕರೆತಂದಿದ್ದ ಒಬ್ಬ ವ್ಯಕ್ತಿ ತೀರಿಕೊಂಡ. ಆ ರಾತ್ರಿ ಉದ್ರಿಕ್ತ ಜನ ಠಾಣೆಗೆ ನುಗ್ಗಿದರು. ವಾಹನಗಳು ಜಖಂಗೊಂಡವು, ಪೋಲೀಸರು ಗಾಯಗೊಂಡರು. ಎಫ್.ಐ.ಆರ್. ದಾಖಲಿಸದೆ ಠಾಣೆಗೆ ಕರೆತಂದದ್ದು ತಪ್ಪೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿದರು. ಡಿವೈಎಸ್ಪಿಯವರೂ ಇನ್ಸ್‌ಪೆಕ್ಟರರೂ ಅಮಾನತುಗೊಂಡರು. ತನಿಖೆಯನ್ನು ಸಿ.ಐ.ಡಿ.ಗೆ ಒಪ್ಪಿಸಲಾಯಿತು. ಸಾವಿನ ಕಾರಣವನ್ನು ಕುರಿತು ತೀರ್ಪು ಹೇಳುವುದು ಈ ಭಾಷಣದ ಕೆಲಸವಲ್ಲ. ನಾನು ಎತ್ತಿ ತೋರಿಸಬೇಕೆಂದಿರುವುದು ಇಷ್ಟನ್ನು: ಎಷ್ಟು ಹೊತ್ತಿಗೆ, ಯಾರು, ಯಾವ ಕಾರಣಕ್ಕೆ ಕರೆತಂದರು ಎಂಬುದು ಸಹಿಯೊಡನೆ ದಾಖಲಾಗಿ, ಆ ಮನುಷ್ಯನ ಆರೋಗ್ಯದ ಸ್ಥಿತಿಯನ್ನು ವೈದ್ಯರು ಬರೆದಿಟ್ಟಿದ್ದರೆ, ಆ ದಿನ ಮನೆಯವರ ಮಾತಿಗೂ ಠಾಣೆಯವರ ಮಾತಿಗೂ ನಡುವೆ ಓದಿನೋಡಬಹುದಾದ ಒಂದು ಹಾಳೆ ಇರುತ್ತಿತ್ತು. ಅದಿಲ್ಲದ ಕಡೆ ಊಹೆ ಬೆಳೆಯುತ್ತದೆ. ಊಹೆಯ ಕೈಗೆ ಕಲ್ಲು ಸಿಕ್ಕುವುದು ಸುಲಭ.

ಈ ಹಾಳೆಗೆ ಒಂದು ಇತಿಹಾಸವಿದೆ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಅಧ್ಯಕ್ಷರಾಗಿದ್ದ ಡಿ.ಕೆ. ಬಸು ಎಂಬವರು, ಲಾಕಪ್ಪಿನ ಸಾವುಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದ ವರದಿಗಳನ್ನು ಓದಿ, 1986ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಕೋರ್ಟು ಅರ್ಜಿಯೆಂದು ಭಾವಿಸಿತು. ಹತ್ತು ವರ್ಷಗಳ ಮೇಲೆ, 1996ರಲ್ಲಿ, ಹನ್ನೊಂದು ಕಟ್ಟಳೆಗಳನ್ನು ಒಳಗೊಂಡ ತೀರ್ಪು ಹೊರಬಂದಿತು. ದಸ್ತಗಿರಿ ಮಾಡುವ ಅಧಿಕಾರಿಯ ಹೆಸರು, ಹುದ್ದೆ ಎದ್ದು ಕಾಣುವಂತಿರಬೇಕು. ದಸ್ತಗಿರಿಯ ಹೊತ್ತಿನಲ್ಲೇ ಒಂದು ಪತ್ರ ಸಿದ್ಧವಾಗಬೇಕು. ಅದಕ್ಕೆ ಮನೆಯವರಲ್ಲೊಬ್ಬರೋ ಊರಿನ ಗೌರವಸ್ಥರೊಬ್ಬರೋ ಸಾಕ್ಷಿ ಹಾಕಬೇಕು, ಹಿಡಿಯಲ್ಪಟ್ಟವನೂ ಸಹಿ ಮಾಡಬೇಕು, ದಿನಾಂಕ ಮತ್ತು ವೇಳೆ ಇರಬೇಕು. ಅವನು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು. ಅವನು ಕೇಳಿಕೊಂಡರೆ ಮೈಮೇಲಿನ ಗಾಯಗಳನ್ನು ಪರೀಕ್ಷಿಸಿ ಬರೆದಿಡಬೇಕು. ಕಸ್ಟಡಿಯಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಇವುಗಳಲ್ಲಿ ಬಹುಪಾಲು ಈಗ ಕಾನೂನಿನ ಪುಸ್ತಕದಲ್ಲೇ ಸೇರಿಕೊಂಡಿವೆ.

ಆ ಪುಸ್ತಕ ಬದಲಾದದ್ದು ನಿಮಗೆ ಗೊತ್ತಿರಬಹುದು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ದಂಡ ಪ್ರಕ್ರಿಯೆಯ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯಿದೆಯ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ. ಸೆಕ್ಷನ್ನಿನ ಅಂಕಿಗಳೆಲ್ಲ ಕದಲಿವೆ. ನಮ್ಮ ಭಾಷೆಯಲ್ಲಿ ವಿಶೇಷಣವೇ ಆಗಿಹೋಗಿದ್ದ ‘ಫೋರ್ ಟ್ವೆಂಟಿ’ ಈಗ 318. ಬೈಗುಳ ಮಾತ್ರ ಹಳೆಯ ಅಂಕಿಯಲ್ಲೇ ಉಳಿದಿದೆ, ಉಳಿಯಲಿ. ಆದರೆ ಸಂವಿಧಾನದ 22ನೆಯ ಅನುಚ್ಛೇದ ಕದಲಿಲ್ಲ. ಹಿಡಿದವನಿಗೆ ಕಾರಣ ತಿಳಿಸಬೇಕು, ಅವನು ತನಗೆ ಬೇಕಾದ ವಕೀಲರನ್ನು ಕಾಣಬಹುದು, ದಾರಿಯ ಪ್ರಯಾಣಕಾಲವನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ‘ಇವತ್ತು ಶನಿವಾರ, ನಾಳೆ ಭಾನುವಾರ, ಸೋಮವಾರ ನೋಡೋಣ’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಭಾನುವಾರ ಕೋರ್ಟು ಮುಚ್ಚಿದ್ದರೆ ಮ್ಯಾಜಿಸ್ಟ್ರೇಟರ ಮನೆ ತೆರೆದಿರುತ್ತದೆ.

ಕಾರಣ ತಿಳಿಸುವುದೆಂದರೇನು? ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದೆ? 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟಿದೆ. ಅಪರಾಧ ಯಾವುದೇ ಇರಲಿ, ದಸ್ತಗಿರಿಯ ಕಾರಣಗಳನ್ನು ಬರವಣಿಗೆಯಲ್ಲಿ, ಹಿಡಿಯಲ್ಪಟ್ಟವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ತಕ್ಷಣ ಬರೆದುಕೊಡಲಾಗದ ಸಂದರ್ಭವಿದ್ದರೆ, ರಿಮ್ಯಾಂಡಿಗೆ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುವುದಕ್ಕೆ ಕಡೇಪಕ್ಷ ಎರಡು ಗಂಟೆ ಮುಂಚೆಯಾದರೂ ಕೈಗೆ ಮುಟ್ಟಿರಬೇಕು. ಈ ತೀರ್ಪಿನ ಮೂಲ ಮುಂಬೈಯಲ್ಲಿ 2024ರ ಜುಲೈನಲ್ಲಿ ನಡೆದ ಒಂದು ಮೋಟಾರು ಅಪಘಾತ. ಕುಡಿದು ಕಾರು ಓಡಿಸಿ ಒಬ್ಬ ಹೆಂಗಸಿನ ಸಾವಿಗೆ ಕಾರಣನಾದನೆಂಬ ಆಪಾದನೆ ಅಲ್ಲಿನ ಆರೋಪಿಯ ಮೇಲೆ ಇತ್ತು. ಜನ ಶಪಿಸುವಂಥ ಒಂದು ಪ್ರಕರಣದಲ್ಲಿ ಹುಟ್ಟಿದ ನ್ಯಾಯ, ಜಗಳೂರಿನ ಯಾವುದೋ ಹಟ್ಟಿಯಲ್ಲಿ ಕನ್ನಡವೊಂದನ್ನೇ ಬಲ್ಲ ಕುರಿಗಾಹಿಗೂ ದಕ್ಕುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕರೆದವರೆಲ್ಲ ದಸ್ತಗಿರಿಯಾದವರಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ, ಅಗತ್ಯವಿಲ್ಲದೆ ಹಿಡಿಯಕೂಡದು, ನೋಟೀಸು ಕೊಟ್ಟು ಕರೆಸಬೇಕು ಎಂದು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಹೊಸ ಸಂಹಿತೆಯ 35ನೆಯ ಕಲಮಿನಲ್ಲೂ ಅದಿದೆ. ನೋಟೀಸು ಬಂದರೆ ಹೋಗಲೇಬೇಕು, ಹೋಗದಿದ್ದರೆ ಅದೇ ದಸ್ತಗಿರಿಗೆ ಕಾರಣವಾಗುತ್ತದೆ. ಹೆಂಗಸರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ, ಮ್ಯಾಜಿಸ್ಟ್ರೇಟರ ಅನುಮತಿಯ ಅಸಾಧಾರಣ ಸಂದರ್ಭವನ್ನು ಬಿಟ್ಟು ಹಿಡಿಯುವಂತಿಲ್ಲ. ಠಾಣೆಯಲ್ಲಿ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಹೀಗಿರುವಾಗ ಖಾಲಿ ಹಾಳೆಗೆ ಸಹಿ ಹಾಕಿಕೊಡುವುದು ಯಾವ ಪುರುಷಾರ್ಥಕ್ಕೆ?

ಈಗ ಕುಡಿದು ವಾಹನ ಓಡಿಸುವ ವಿಷಯಕ್ಕೆ ಬರೋಣ. ಮೆಕ್ಕೆಜೋಳದ ಲೋಡು ಇಳಿಸಿ ಕೈಗೆ ದುಡ್ಡು ಬಂದ ಸಂಜೆ, ಜಾತ್ರೆಯ ರಾತ್ರಿ, ಮದುವೆಯ ಹಿಂದಿನ ದಿನ, ಈ ಮೊಕದ್ದಮೆಗಳಿಗೆ ಸುಗ್ಗಿ. ಬೀದಿಯಲ್ಲಿ ಕುಡಿದು ಗಲಾಟೆ ಮಾಡುವುದು ಬೇರೆ ಅಪರಾಧ. ಹಳೆಯ ಕಾನೂನಿನಲ್ಲಿ ಅದರ ಜುಲ್ಮಾನೆ ಹತ್ತು ರೂಪಾಯಿ ಮೀರುತ್ತಿರಲಿಲ್ಲ. ಈಗ ಅದಕ್ಕೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ವಿಧಿಸಬಹುದು. ಮೋಟಾರು ಕಾಯಿದೆಯ 185ನೆಯ ಕಲಮು ನೋಡುವುದು ವಾಹನ ಓಡಿಸುತ್ತಿರುವವನನ್ನು, ಇಲ್ಲವೆ ಓಡಿಸಲು ಯತ್ನಿಸುತ್ತಿರುವವನನ್ನು. ಬೈಕನ್ನು ಅಂಗಡಿಯ ಮುಂದೆಯೇ ಬಿಟ್ಟು ನಡೆದುಕೊಂಡು ಮನೆಗೆ ಹೋದವನು ಆ ಕಲಮಿಗೆ ಸಿಕ್ಕುವುದಿಲ್ಲ. ಅದಕ್ಕಿಂತ ಒಳ್ಳೆಯ ಕಾನೂನು ಸಲಹೆ ನನ್ನಲ್ಲಿಲ್ಲ.

1988ರ ಕಾಯಿದೆ ಮೊದಲು ಬಂದಾಗ ರಕ್ತದಲ್ಲಿ ಮದ್ಯ ಎಷ್ಟೇ ಸ್ವಲ್ಪವಿರಲಿ ಅಪರಾಧವೇ ಎಂದಿತ್ತು. 1994ರ ತಿದ್ದುಪಡಿ ಅದಕ್ಕೊಂದು ಅಳತೆ ಕೊಟ್ಟಿತು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು. 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿದರೆ ಎರಡು ವರ್ಷದವರೆಗೆ ಸೆರೆ ಅಥವಾ 15,000 ರೂಪಾಯಿ ಅಥವಾ ಎರಡೂ. ಈ ದಂಡವನ್ನು ರಸ್ತೆಯಲ್ಲಿ ಕಟ್ಟಿ ಮುಗಿಸುವ ಹಾಗಿಲ್ಲ. ಹೆಲ್ಮೆಟ್ಟಿನ ದಂಡದಂತೆ ಸ್ಥಳದಲ್ಲೇ ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿ 185 ಇಲ್ಲ. ಅದು ಕೋರ್ಟಿಗೇ ಹೋಗಬೇಕು. ರಸ್ತೆಯ ಬದಿಯಲ್ಲಿ ಯಾರಾದರೂ ಕೈಯೊಡ್ಡಿದರೆ, ಆ ಕೈಗೆ ಹೋಗುವುದು ದಂಡವಲ್ಲ.

ಪೋಲೀಸರು ಊದು ಎಂದರೆ ಊದಬೇಕು. ಒಲ್ಲೆನೆಂದು ಹಟ ಹಿಡಿದವನನ್ನು ಅನುಮಾನಕ್ಕೆ ಕಾರಣವಿದ್ದರೆ ಹಿಡಿಯಬಹುದು, ಮುಂದೆ ಕೋರ್ಟಿನಲ್ಲಿ ಆ ನಿರಾಕರಣೆಯೇ ಅವನಿಗೆ ಮುಳುವಾಗಬಹುದು. ‘ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಬೇಕಾಗಿಲ್ಲವೆಂದು ಸಂವಿಧಾನದಲ್ಲಿದೆಯಲ್ಲ’ ಎಂದು ಓದಿದ ತರುಣನೊಬ್ಬ ನನ್ನೊಡನೆ ವಾದಿಸಿದ. ಇದೆ, 20ನೆಯ ಅನುಚ್ಛೇದದಲ್ಲಿದೆ. ಆದರೆ ಅದು ಕಾಯುವುದು ಮನಸ್ಸಿನಲ್ಲಿರುವುದನ್ನು. ಬೆರಳಚ್ಚಿನಂಥ ಮೈಯ ಗುರುತುಗಳು ಸಾಕ್ಷಿ ನುಡಿದಂತಲ್ಲವೆಂದು ಸುಪ್ರೀಂ ಕೋರ್ಟು 1961ರಲ್ಲೇ ಹೇಳಿತು. ಮನಸ್ಸನ್ನು ಬಲವಂತದಿಂದ ಬಗೆಯುವ ಮಂಪರು ಪರೀಕ್ಷೆ ಮಾತ್ರ ಸಲ್ಲದೆಂದು 2010ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದ ಹೆಸರನ್ನೇ ಹೊತ್ತ ಸೆಲ್ವಿ ಪ್ರಕರಣದಲ್ಲಿ.

ಊದುವವನಿಗೂ ಹಕ್ಕುಗಳಿವೆ. ಯಂತ್ರ ತೋರಿಸಿದ ಅಂಕಿಯನ್ನು ನೋಡಬೇಕೆಂದು ಕೇಳಬಹುದು. ಆಗತಾನೆ ಕುಡಿದ ಮದ್ಯ ಬಾಯಲ್ಲೇ ಉಳಿದಿದ್ದರೆ ಯಂತ್ರ ಹೆಚ್ಚು ತೋರಿಸುವುದುಂಟು. ಹಿಡಿದು ಠಾಣೆಗೆ ಒಯ್ದ ಮೇಲೆ ಅಲ್ಲಿ ಮತ್ತೊಮ್ಮೆ ಊದುವ ಅವಕಾಶ ಕೊಡಬೇಕೆಂದು 203ನೆಯ ಕಲಮು ಹೇಳುತ್ತದೆ. ಇದನ್ನು ಕೇಳಿ ಪಡೆದವರನ್ನು ನಾನು ಕಂಡದ್ದು ಬಹಳ ಕಡಿಮೆ. ರಕ್ತದ ಮಾದರಿಯನ್ನು ನೋಂದಾಯಿತ ವೈದ್ಯರೇ ತೆಗೆಯಬೇಕು. ಹೆಂಗಸಿನ ರಕ್ತವನ್ನು ಪುರುಷ ವೈದ್ಯರು ತೆಗೆಯುವಾಗ ಇನ್ನೊಬ್ಬ ಹೆಂಗಸು ಅಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು 202ನೆಯ ಕಲಮು. ಕುಡಿದು ಓಡಿಸಿದನೆಂದು ಹಿಡಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು.

ಎರಡೇ ಗಂಟೆ ಏಕೆ? ಮೈಯೊಳಗಿನ ಮದ್ಯ ಕಾಯುತ್ತ ಕೂಡುವುದಿಲ್ಲ. ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಅದು ರಕ್ತದಿಂದ ಕರಗುತ್ತದೆ. ರಾತ್ರಿ ಹತ್ತಕ್ಕೆ 60 ಇದ್ದವನು ಹನ್ನೆರಡರ ಹೊತ್ತಿಗೆ 30ಕ್ಕೆ ಇಳಿದಿರಬಹುದು. ತಡವಾದಷ್ಟೂ ಕುಡಿದವನು ಕುಡಿಯದವನಂತಾಗುತ್ತಾನೆ. ಕುಡಿಯದವನಿಗೆ ತಾನು ಕುಡಿದಿರಲಿಲ್ಲವೆಂದು ತೋರಿಸುವ ದಾರಿ ಮುಚ್ಚಿಹೋಗುತ್ತದೆ. ಅಂದರೆ ಈ ಎರಡು ಗಂಟೆಯ ನಿಯಮ ಆರೋಪಿಗಾಗಿ ಮಾತ್ರ ಮಾಡಿದ್ದಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಇಪ್ಪತ್ತು ವರ್ಷಗಳ ಕೆಳಗೆ, ಈ ತಾಲ್ಲೂಕುಗಳಲ್ಲೊಂದರಲ್ಲಿ, ಒಂದು ಟ್ರಾಕ್ಟರಿಗೆ ಸಿಕ್ಕಿ ಹೈಸ್ಕೂಲು ಓದುತ್ತಿದ್ದ ಹುಡುಗನೊಬ್ಬ ಸತ್ತ. ಸೈಕಲ್ಲಿನಲ್ಲಿ ಟ್ಯೂಷನ್ನಿನಿಂದ ಮನೆಗೆ ಬರುತ್ತಿದ್ದ. ನಾನು ಟ್ರಾಕ್ಟರಿನವನ ವಕೀಲ. ಊದುವ ಯಂತ್ರ ಆಗ ಅಲ್ಲಿರಲಿಲ್ಲ. ರಕ್ತ ತೆಗೆಯಲಿಲ್ಲ. ಮರುದಿನ ಬೆಳಗ್ಗೆ ಬರೆದ ಸರ್ಟಿಫಿಕೇಟಿನಲ್ಲಿ ‘ಬಾಯಿಯಿಂದ ಮದ್ಯದ ವಾಸನೆ’ ಎಂಬ ಒಂದು ಸಾಲು, ಅಷ್ಟೆ. ಬಾಯಿಯ ವಾಸನೆ, ತೂರಾಡುವ ನಡಿಗೆ ಇಷ್ಟರಿಂದಲೇ ಕುಡಿತ ಸಾಬೀತಾಗದೆಂದು 1971ರಲ್ಲಿ ಸುಪ್ರೀಂ ಕೋರ್ಟು ಹೇಳಿದ ತೀರ್ಪನ್ನು ನಾನು ಮ್ಯಾಜಿಸ್ಟ್ರೇಟರ ಮುಂದಿಟ್ಟೆ. ಕುಡಿತದ ಆಪಾದನೆ ಬಿದ್ದುಹೋಯಿತು. ಅದು ಬಿದ್ದ ಮೇಲೆ ಉಳಿದ ಆಪಾದನೆಯೂ ಸಡಿಲವಾಯಿತು, ಸಾಕ್ಷಿಗಳು ಒಬ್ಬೊಬ್ಬರಾಗಿ ಜಾರಿದರು. ಕಕ್ಷಿಗಾರ ಬಿಡುಗಡೆಯಾದ.

ಕೋರ್ಟಿನ ಮೆಟ್ಟಿಲಿಳಿದು ಬರುವಾಗ ಹುಡುಗನ ತಂದೆ ಹುಣಸೆಮರದ ಕೆಳಗೆ ನಿಂತಿದ್ದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಬೈಯಲಿಲ್ಲ. ‘ವಕೀಲ್ರೇ, ನನ್ ಮಗ ಸತ್ತಿದ್ದಾದ್ರೂ ನಿಜ ಅಂತ ಆ ಕಾಗದದಾಗೆ ಬರ್ದೈತೇನ್ರಿ?’ ಎಂದು ಕೇಳಿದರು. ಬರೆದಿದೆ ಎಂದೆ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ಹೋದರು.

‘ಕುಡಿದು ಜನರನ್ನು ಕೊಲ್ಲುವವರಿಗೆಲ್ಲ ಹಕ್ಕು ಯಾಕೆ ಸ್ವಾಮಿ?’ ಎಂದು ನನ್ನನ್ನು ಕೇಳುವವರಿಗೆ ನಾನು ಈ ಸಂಗತಿಯನ್ನೇ ಹೇಳುತ್ತೇನೆ. ಆ ರಾತ್ರಿ ಟ್ರಾಕ್ಟರಿನವನ ಹಕ್ಕನ್ನು ಯಾರಾದರೂ ನೆನೆದು, ಎರಡು ಗಂಟೆಯೊಳಗೆ ವೈದ್ಯರ ಬಳಿಗೆ ಒಯ್ದು, ರಕ್ತ ತೆಗೆಸಿ, ವೇಳೆ ಬರೆಸಿದ್ದರೆ, ನನಗೆ ಎತ್ತಲು 1971ರ ತೀರ್ಪು ಇರುತ್ತಿರಲಿಲ್ಲ. ಆರೋಪಿಯ ಹಕ್ಕನ್ನು ಕಡೆಗಣಿಸಿದ್ದರಿಂದ ನಷ್ಟವಾದದ್ದು ಆ ತಂದೆಗೆ. ಕುಡಿದು ಜನರ ಸಾವಿಗೆ ಕಾರಣರಾದವರನ್ನು ಬರಿಯ ಅಜಾಗರೂಕತೆಯ ಕಲಮಿನಲ್ಲಿ ನಿಲ್ಲಿಸದೆ, ಕೊಲೆಯಲ್ಲದ ನರಹತ್ಯೆಯ ಕಲಮಿನಲ್ಲೇ ಶಿಕ್ಷಿಸಿದ ಎರಡು ದೊಡ್ಡ ಪ್ರಕರಣಗಳು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದವು, ಒಂದು ಮುಂಬೈಯದು, ಒಂದು ದೆಹಲಿಯದು. ಆರೋಪಿಗಳ ಕಡೆಯ ವಕೀಲರಿಗೆ ಅಲ್ಲೇನೂ ಕೊರತೆಯಿರಲಿಲ್ಲ; ಆದರೂ ಶಿಕ್ಷೆ ನಿಂತಿತು.

ಜಾಮೀನಿನ ವಿಷಯ ಬೇಗ ಮುಗಿಸುತ್ತೇನೆ. ಯಾರಿಗೂ ಗಾಯವಿಲ್ಲದ, ಬರಿಯ 185ರ ಮೊಕದ್ದಮೆ ಜಾಮೀನಿಗೆ ಅರ್ಹವಾದದ್ದು. ಅಲ್ಲಿ ಜಾಮೀನು ಯಾರ ದಯೆಯೂ ಅಲ್ಲ, ಕೇಳಿದವನ ಹಕ್ಕು. ತೊಡಕಿರುವುದು ಜಾಮೀನುದಾರನಲ್ಲಿ. ಪಹಣಿ ತಂದು ನಿಲ್ಲುವವರು ಬೇಕೆನ್ನುತ್ತಾರೆ. ತೋಟದ ಕೂಲಿಗೆ ಪಹಣಿ ಉಳ್ಳ ನೆಂಟ ಎಲ್ಲಿಂದ ಬರಬೇಕು? ಜಾಮೀನಿಗೆ ಅರ್ಹವಾದ ಅಪರಾಧದಲ್ಲಿ ಒಂದು ವಾರದೊಳಗೆ ಜಾಮೀನುದಾರನನ್ನು ಒದಗಿಸಲಾರದವನನ್ನು ಬಡವನೆಂದೇ ಭಾವಿಸಿ, ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಾನೂನು ಹೇಳುತ್ತದೆ.

ಇನ್ನು ಕೋರ್ಟಿನ ದಿನ. ಮ್ಯಾಜಿಸ್ಟ್ರೇಟರು ಆಪಾದನೆಯನ್ನು ವಿವರಿಸಿ, ತಪ್ಪು ಒಪ್ಪುತ್ತೀಯಾ ಎಂದು ಕೇಳುತ್ತಾರೆ. ಹತ್ತರಲ್ಲಿ ಎಂಟು ಜನ ಕೇಳಿಸಿಕೊಳ್ಳುವ ಮೊದಲೇ ‘ಹೌದು ಸ್ವಾಮಿ’ ಎನ್ನುವುದನ್ನು ನೋಡಿದ್ದೇನೆ. ಒಂದು ದಿನದ ಕೂಲಿ ಹೋಗುತ್ತದೆಂಬ ಚಿಂತೆ ಅವರದು. ನಿಜವಾಗಿ ಕುಡಿದಿದ್ದು, ಅಳತೆ ಸರಿಯಾಗಿದ್ದು, ಕಾಗದಗಳೆಲ್ಲ ಕ್ರಮವಾಗಿದ್ದರೆ ಒಪ್ಪಿಕೊಳ್ಳುವುದೇ ಮರ್ಯಾದೆ; ಅಂಥವನಿಗೆ ನಾನೂ ಹಾಗೆಯೇ ಹೇಳುತ್ತೇನೆ. ಆದರೆ ಒಪ್ಪಿಕೊಂಡ ಮೇಲೆ ಅದು ಶಿಕ್ಷೆಯ ದಾಖಲೆ. ಮತ್ತೊಮ್ಮೆ ಸಿಕ್ಕರೆ ಅದು ಎರಡನೆಯ ಅಪರಾಧ. ಲೈಸೆನ್ಸು ಅಮಾನತಿಗೆ ಬರಬಹುದು. ಡ್ರೈವರ್ ಕೆಲಸದಿಂದ ಮನೆ ನಡೆಸುವವನಿಗೆ 10,000ಕ್ಕಿಂತ ಅದೇ ದೊಡ್ಡ ದಂಡ. ತಪ್ಪೊಪ್ಪಿದ ಮೇಲೆ ಮೇಲಿನ ಕೋರ್ಟಿನಲ್ಲಿ ಶಿಕ್ಷೆಯ ಪ್ರಮಾಣವನ್ನು ಪ್ರಶ್ನಿಸಬಹುದೇ ಹೊರತು ತಪ್ಪನ್ನು ಅಲ್ಲಗಳೆಯುವಂತಿಲ್ಲ. ಆದ್ದರಿಂದ ‘ವಕೀಲರನ್ನು ಕಂಡು ಬರುತ್ತೇನೆ, ಸ್ವಲ್ಪ ಕಾಲಾವಕಾಶ ಕೊಡಿ’ ಎಂದು ಕೇಳಿಕೊಳ್ಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಿದೆ. ಕಸ್ಟಡಿಯಲ್ಲಿರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು ಇವರಿಗೆ ವರಮಾನದ ಲೆಕ್ಕವಿಲ್ಲದೆಯೂ, ಉಳಿದವರಿಗೆ ವರಮಾನದ ಮಿತಿಯೊಳಗೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕೇಳಲಿಲ್ಲವೆಂಬ ಕಾರಣಕ್ಕೆ ಬಡ ಆರೋಪಿಗೆ ಈ ನೆರವು ತಪ್ಪಬಾರದೆಂದು 1986ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕೊಠಡಿ ಕೋರ್ಟಿನ ಆವರಣದಲ್ಲೇ ಇರುತ್ತದೆ. 15100ಕ್ಕೆ ಫೋನು ಮಾಡಿಯೂ ವಿಚಾರಿಸಬಹುದು. ಹೋಗುವಾಗ ಕೈಯಲ್ಲಿರುವ ಕಾಗದಗಳನ್ನೆಲ್ಲ ಒಯ್ಯಿರಿ. ಕಾಗದವೇನೂ ಇಲ್ಲದಿದ್ದರೆ, ಹುಡುಗನನ್ನು ಎಷ್ಟು ಹೊತ್ತಿಗೆ ಕರೆದೊಯ್ದರು, ಅಂಗಳದಲ್ಲಿ ಆಗ ಯಾರು ಯಾರು ಇದ್ದರು ಎಂಬುದನ್ನು ಒಂದು ಚೀಟಿಯಲ್ಲಾದರೂ ಬರೆದುಕೊಂಡು ಹೋಗಿರಿ.